ಮುಗಿಸದೆ ಬಿಟ್ಟವರ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕಾಲೇಜು ಓದಿಗೆ ಹಾಕುವ ದುಡ್ಡು ಸಾರ್ಥಕವೇ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಹೌದು ಅಂದರೆ ಇಲ್ಲಿರುವ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟುತ್ತಾರೆ, ಇಲ್ಲ ಅಂದರೆ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಇವತ್ತು ಇಬ್ಬರಿಗೂ ಸ್ವಲ್ಪ ಸ್ವಲ್ಪ ನಿರಾಸೆ ಇದೆ, ಮೊದಲೇ ಹೇಳಿಬಿಡುತ್ತೇನೆ.

ಡಿಗ್ರಿ ಇದ್ದವರ ಸರಾಸರಿ ಸಂಪಾದನೆ ಇಲ್ಲದವರಿಗಿಂತ ಜಾಸ್ತಿ. ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇದು ನಿಜ, ಅದರ ಬಗ್ಗೆ ಜಗಳ ಇಲ್ಲ. ನನ್ನ ತಕರಾರೇ ಬೇರೆ. ಆ ಸರಾಸರಿಯಲ್ಲಿ ಇರುವವರು ಯಾರು? ಪಾಸಾಗಿ ಹೊರಗೆ ಬಂದವರು. ಸೇರಿ, ಎರಡು ವರ್ಷ ಫೀಸು ಕಟ್ಟಿ, ಬ್ಯಾಕ್‌ಲಾಗ್ ಗುಡ್ಡೆ ಹಾಕಿಕೊಂಡೋ, ಮನೆಯಲ್ಲಿ ಏನೋ ತೊಂದರೆಯಾಗಿಯೋ ಬಿಟ್ಟುಹೋದವರು ಅದರಲ್ಲಿ ಇಲ್ಲ. ದುಡ್ಡು ಅವರೂ ಕಟ್ಟಿದ್ದಾರೆ, ಅಲ್ವಾ? ಅವರ ಲೆಕ್ಕ ಎಲ್ಲಿ?

ಅಮೆರಿಕದಲ್ಲಿ ನಾಲ್ಕು ವರ್ಷದ ಕೋರ್ಸಿಗೆ ಸೇರಿದವರಲ್ಲಿ, ಅದೇ ಕಾಲೇಜಿನಲ್ಲಿ ಆರು ವರ್ಷದೊಳಗೆ ಡಿಗ್ರಿ ಮುಗಿಸುವವರು 100ಕ್ಕೆ ಸುಮಾರು 64. ಉಳಿದವರಲ್ಲಿ ಕೆಲವರು ಬೇರೆ ಕಡೆ ಹೋಗಿ ಮುಗಿಸುತ್ತಾರೆ, ಬಹಳ ಜನ ಮುಗಿಸುವುದೇ ಇಲ್ಲ. ಅಲ್ಲಿ ಓದಿಗಾಗಿ ಮಾಡಿದ ಸಾಲ ಒಟ್ಟು ಒಂದೂವರೆ ಲಕ್ಷ ಕೋಟಿ ಡಾಲರ್ ದಾಟಿದೆ, ಅದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು ಇನ್ನೊಂದಿದೆ. ಕಂತು ಕಟ್ಟಲಾಗದೆ ಕೈಚೆಲ್ಲುವವರಲ್ಲಿ ಸಣ್ಣ ಸಾಲದವರೇ ಜಾಸ್ತಿ. ದೊಡ್ಡ ಸಾಲ ಮಾಡಿದ ಡಾಕ್ಟರು ತೀರಿಸುತ್ತಾನೆ. ಒಂದು ವರ್ಷ ಓದಿ ಬಿಟ್ಟವನ ಸಾಲ ಚಿಕ್ಕದು, ಆದರೆ ಅದನ್ನು ತೀರಿಸುವ ಸಂಬಳ ಅವನಿಗೆ ಸಿಗುವುದೇ ಇಲ್ಲ.

ಖರ್ಚು ಅಂದ ಕೂಡಲೇ ನಾವು ಫೀಸು, ಪುಸ್ತಕ, ಹಾಸ್ಟೆಲ್ ಅಂತ ಬರೆಯುತ್ತಾ ಹೋಗುತ್ತೇವೆ. ಊಟದ ಖರ್ಚನ್ನು ಕಾಲೇಜಿನ ತಲೆಗೆ ಕಟ್ಟಬೇಡಿ, ಕಾಲೇಜಿಗೆ ಹೋಗದಿದ್ದರೂ ಮಗ ಊಟ ಮಾಡುತ್ತಾನೆ, ಬಹುಶಃ ಇನ್ನೂ ಜಾಸ್ತಿ. ನಾವು ಬರೆಯದೇ ಬಿಡುವುದು ಆ ಮೂರ್ನಾಲ್ಕು ವರ್ಷ ದುಡಿದಿದ್ದರೆ ಬರುತ್ತಿದ್ದ ಸಂಬಳವನ್ನು. ಎಷ್ಟೋ ಮನೆಗಳಿಗೆ ಫೀಸಿಗಿಂತ ಅದೇ ದೊಡ್ಡ ಹೊರೆ. ಜರ್ಮನಿಯಲ್ಲಿ 2014ರ ಹೊತ್ತಿಗೆ ಎಲ್ಲ ರಾಜ್ಯಗಳೂ ಮೊದಲ ಡಿಗ್ರಿಗೆ ಬೋಧನಾ ಶುಲ್ಕ ತೆಗೆದುಹಾಕಿದ್ದವು. ಹಾಗಂತ ಅಲ್ಲಿ ಓದು ಪುಕ್ಕಟೆ ಅಲ್ಲ, ವರ್ಷಗಳು ಖರ್ಚಾಗುತ್ತವಲ್ಲ.

ಈಗ ಹಿಂದಿನ ಸಾಲಿನವರ ಹೀರೋ ಬಿಲ್ ಗೇಟ್ಸ್ ಹತ್ತಿರ ಬರೋಣ. "ಸರ್, ಅವರು ಕಾಲೇಜು ಬಿಟ್ಟರು, ಏನು ಕಮ್ಮಿಯಾಯಿತು?" ಅಂತ ಪ್ರತಿ ವರ್ಷ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. ಬಿಟ್ಟರು, ನಿಜ. ಆದರೆ ಕಥೆ ಪೂರ್ತಿ ಕೇಳಬೇಕು. 1968ರಲ್ಲಿ ಅವರು 8ನೇ ತರಗತಿ. ಆಗ ಅವರ ಸ್ಕೂಲಿಗೆ ಕಂಪ್ಯೂಟರ್ ಟರ್ಮಿನಲ್ ಬಂತು. ತಂದವರು ಯಾರು? ಆ ಸ್ಕೂಲಿನ ಮಕ್ಕಳ ಅಮ್ಮಂದಿರ ಸಂಘದವರು, ಹಳೆ ಸಾಮಾನು ಮಾರಿದ ದುಡ್ಡಿನಲ್ಲಿ! (ಇದನ್ನು ಹೇಳುವಾಗಲೆಲ್ಲ ನನಗೆ ಖುಷಿ. ಇಷ್ಟೆಲ್ಲ ಶುರುವಾಗಿದ್ದು ಮನೆಯ ಹಳೆ ಸಾಮಾನಿನಿಂದ.) ಆ ಕಾಲದಲ್ಲಿ ಎಷ್ಟೋ ಕಾಲೇಜುಗಳಲ್ಲೇ ವಿದ್ಯಾರ್ಥಿಗಳ ಕೈಗೆ ಕಂಪ್ಯೂಟರ್ ಸಿಗುತ್ತಿರಲಿಲ್ಲ. ಈ ಹುಡುಗ ಸ್ಕೂಲಿನಲ್ಲೇ ಹಗಲು ರಾತ್ರಿ ಪ್ರೋಗ್ರಾಂ ಬರೆದ. ಅಪ್ಪ ಹೆಸರಾಂತ ವಕೀಲರು. 1973ರಲ್ಲಿ ಹಾರ್ವರ್ಡ್ ಸೇರಿದ. 1974ರ ಡಿಸೆಂಬರಿನಲ್ಲಿ ಗೆಳೆಯ ಪಾಲ್ ಅಲೆನ್ ಒಂದು ಮ್ಯಾಗಜಿನ್ ತಂದು ತೋರಿಸಿದ, ಮುಖಪುಟದಲ್ಲಿ ಆಲ್ಟೇರ್ ಅನ್ನುವ ಪುಟ್ಟ ಕಂಪ್ಯೂಟರ್. ಅದಕ್ಕೆ ಸಾಫ್ಟ್‌ವೇರ್ ಬರೆಯೋಣ ಅಂತ ಇಬ್ಬರೂ ಹೊರಟರು, 1975ರಲ್ಲಿ ಮೈಕ್ರೋಸಾಫ್ಟ್ ಆಯಿತು. ಆಗ ಅವರು ಹಾರ್ವರ್ಡಿನಿಂದ ತೆಗೆದುಕೊಂಡಿದ್ದು ರಜೆ, ಸ್ವಾಮಿ, ರಜೆ. ಕಂಪನಿ ಮುಳುಗಿದ್ದರೆ ವಾಪಸ್ ಬಂದು ಕ್ಲಾಸಿನಲ್ಲಿ ಕೂರಬಹುದಿತ್ತು. 2007ರಲ್ಲಿ ಅದೇ ಹಾರ್ವರ್ಡ್ ಗೌರವ ಡಿಗ್ರಿ ಕೊಟ್ಟಾಗ, ಡಿಗ್ರಿ ತೆಗೆದುಕೊಂಡೇ ಬರುತ್ತೇನೆ ಅಂತ ಹೇಳಿದ್ದೆನಲ್ಲ ಅಪ್ಪಾ, ಅಂತ ವೇದಿಕೆಯಿಂದಲೇ ತಮಾಷೆ ಮಾಡಿದರು.

ಅವರ ಬುದ್ಧಿವಂತಿಕೆ ಬಗ್ಗೆ ನನ್ನದೇನೂ ಆಕ್ಷೇಪ ಇಲ್ಲ. ಆದರೆ ಓದು ಬಿಟ್ಟರೂ ಅವರು ಕೆಳಗೆ ಬೀಳುವ ಹಾಗೆ ಇರಲಿಲ್ಲ. ನಿಮ್ಮ ಪಕ್ಕದ ಹುಡುಗ ಬಿಟ್ಟರೆ? ಅವನ ಲೆಕ್ಕ ಎಲ್ಲಿ?

ಇನ್ನು, ಡಿಗ್ರಿಗೆ ಸಂಬಳ ಜಾಸ್ತಿ ಯಾಕೆ? ಅರ್ಥಶಾಸ್ತ್ರಜ್ಞರಲ್ಲಿ ಎರಡು ಪಂಗಡ. ಗ್ಯಾರಿ ಬೆಕರ್ 1964ರಲ್ಲಿ ಹೇಳಿದ್ದು, ಓದಿದರೆ ಕೆಲಸದ ಸಾಮರ್ಥ್ಯ ಹೆಚ್ಚುತ್ತದೆ, ಅದಕ್ಕೇ ಸಂಬಳ ಅಂತ. 1973ರಲ್ಲಿ ಮೈಕಲ್ ಸ್ಪೆನ್ಸ್ ಬೇರೆ ದಾರಿ ಹಿಡಿದರು. ಕಾಲೇಜಿನಲ್ಲಿ ಏನೂ ಕಲಿಯದಿದ್ದರೂ ಡಿಗ್ರಿಗೆ ಬೆಲೆ ಇರಬಹುದು, ಯಾಕೆಂದರೆ ಕಷ್ಟದ ಕೆಲಸವೊಂದನ್ನು ಹಿಡಿದು ಮುಗಿಸಬಲ್ಲ ಮನುಷ್ಯ ಇವನು ಎಂದು ಕೆಲಸ ಕೊಡುವವರಿಗೆ ಅದು ಹೇಳುತ್ತದೆ. 2001ರಲ್ಲಿ ನೊಬೆಲ್ ಬಂದಾಗ ಅದರಲ್ಲಿ ಸ್ಪೆನ್ಸ್ ಅವರಿಗೂ ಪಾಲಿತ್ತು.

ಎಂಟು ಸೆಮಿಸ್ಟರಿನಲ್ಲಿ ಏಳು ಮುಗಿಸಿದವನು ಎಂಟರಲ್ಲಿ ಏಳು ಪಾಲು ಕಲಿತಿರಬೇಕು, ಸಂಬಳದ ಲಾಭವೂ ಅಷ್ಟು ಬರಬೇಕು. ಬರುವುದಿಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ಸಂಬಳ ಒಮ್ಮೆಲೇ ಜಿಗಿಯುವುದು. ಕೊನೆಯ ಸೆಮಿಸ್ಟರಿನಲ್ಲಿ ಅಂಥದ್ದು ಏನು ಕಲಿಸುತ್ತಾರೆ? ನಾನೂ ಪಾಠ ಮಾಡಿದವನೇ, ಕೊನೆಯ ಸೆಮಿಸ್ಟರಿನಲ್ಲಿ ಕ್ಲಾಸಿಗೆ ಬರುವವರೇ ಕಮ್ಮಿ. ಹಾಗಂತ ಕಾಲೇಜು ಬರೀ ಕಾಗದ ಅನ್ನುವವರ ಜೊತೆ ನಾನಿಲ್ಲ. ಆಪರೇಷನ್ ಮಾಡುವವರು, ಸೇತುವೆ ಕಟ್ಟುವವರು ನಿಜವಾಗಿ ಕಲಿತಿರಲೇಬೇಕು. ಆದರೆ ಸ್ಪೆನ್ಸ್ ಮಾತಿನಲ್ಲಿ ಅರ್ಧ ನಿಜ ಇದ್ದರೂ ಸಾಕು, ಮುಗಿಸಿದವನಿಗೆ ಲಾಭ, ಮುಗಿಸದವನಿಗೆ ನಷ್ಟ ಮಾತ್ರ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಆದ್ದರಿಂದ ಕಾಲೇಜು ನೋಡಲು ಹೋದಾಗ ಅತಿ ದೊಡ್ಡ ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ, ಅದು ಒಬ್ಬನದು, ಅವನ ಫೋಟೋ ಗೇಟಿನ ಮೇಲೆಯೇ ಇರುತ್ತದೆ. ಮೊದಲ ವರ್ಷ ಸೇರಿದ 100 ಜನರಲ್ಲಿ ಟೈಮಿಗೆ ಸರಿಯಾಗಿ ಡಿಗ್ರಿ ಪಡೆದವರು ಎಷ್ಟು ಅಂತ ಕೇಳಿ. ತಡವರಿಸಿದರೆ ಸುಮ್ನೆ ಎದ್ದು ಬನ್ನಿ.

ದೊಡ್ಡ ಹೆಸರಿನ ಕಾಲೇಜೇ ಬೇಕು ಅನ್ನುವವರಿಗೆ ಒಂದು ಮಾತು. ಸ್ಟೇಸಿ ಡೇಲ್, ಅಲನ್ ಕ್ರೂಗರ್ ಅಂತ ಅಮೆರಿಕದ ಇಬ್ಬರು ಸಂಶೋಧಕರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಅಷ್ಟು ಹೆಸರಿಲ್ಲದ ಕಡೆ ಸೇರಿದವರು, ದೊಡ್ಡ ಕಡೆ ಓದಿದವರಷ್ಟೇ ದುಡಿಯುತ್ತಿದ್ದರು. ಬಡ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು. ಅಂದರೆ, ಯಾರಿಗೆ ಆ ಸೀಟಿನಿಂದ ಹೆಚ್ಚು ಪ್ರಯೋಜನವೋ ಅವರಿಗೇ ಅದು ಕೈಗೆಟುಕುವುದಿಲ್ಲ. ಇದರ ಬಗ್ಗೆ ಬಹಳ ಹೇಳಬಹುದು, ಆದರೆ ಅಧ್ಯಕ್ಷರು ಎರಡನೇ ಸಲ ಗಡಿಯಾರ ನೋಡಿದರು.

ಫೀಸು ಯಾಕೆ ಏರುತ್ತಲೇ ಇದೆ ಅನ್ನುವುದನ್ನು ಬಿಡುತ್ತೇನೆ. ಸಾಲದ ವಿಷಯ ಒಂದು ಹೇಳಿ ಮುಗಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ 1989ರಿಂದ ಒಂದು ಪದ್ಧತಿ ಇದೆ. ಓದುವಾಗ ಫೀಸು ಸರ್ಕಾರ ಕಟ್ಟುತ್ತದೆ, ಆಮೇಲೆ ಸಂಪಾದನೆ ಒಂದು ಮಟ್ಟ ದಾಟಿದ ಮೇಲೆ ತೆರಿಗೆ ಜೊತೆ ಸ್ವಲ್ಪ ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತದೆ. ದಾಟದಿದ್ದರೆ ಕಟ್ಟಬೇಕಾಗಿಲ್ಲ. ಕೈ ಸೋತವನ ಹೊರೆಯಲ್ಲಿ ಒಂದಿಷ್ಟನ್ನು ಊರೇ ಹೊರುತ್ತದೆ. ನನಗೆ ಇದು ಸರಿ ಅನಿಸುತ್ತದೆ, ಹದಿನೇಳು ವರ್ಷದ ಒಂದು ಮಗುವಿನ ತಲೆ ಮೇಲೆ ಅಷ್ಟೂ ಅಪಾಯ ಹೊರಿಸುವುದು ಸರಿ ಅನಿಸುವುದಿಲ್ಲ. ಅಂಥ ವ್ಯವಸ್ಥೆ ಇಲ್ಲದ ಕಡೆ, ಲೋನಿಗೆ ಸಹಿ ಹಾಕುವ ಮೊದಲು ಬ್ಯಾಂಕಿನವರನ್ನು ಕೇಳಿ: ಓದು ಮಧ್ಯದಲ್ಲೇ ನಿಂತರೆ ಕಂತು ಯಾವಾಗಿಂದ ಶುರು, ಯಾರು ಕಟ್ಟಬೇಕು? ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಲಿ. ಸ್ಕಾಲರ್‌ಶಿಪ್ ಬಗ್ಗೆ ಏನೂ ಹೇಳಲು ಆಗಲಿಲ್ಲ, ಯಾರಾದರೂ ಕೇಳಿದರೆ ಅದರಿಂದಲೇ ಶುರು ಮಾಡೋಣ.