ಲೋಟಸ್ 1-2-3: ವೇಗಕ್ಕೆ ಅಸೆಂಬ್ಲಿ, ಬೀಗಕ್ಕೆ ಫ್ಲಾಪಿ

[ತೆರೆಯಲ್ಲಿ: ಹಳೆಯ ಮಾನಿಟರ್, ಹಸಿರು ಅಂಕಿಗಳು ತುಂಬಿದ ಸ್ಪ್ರೆಡ್‌ಶೀಟ್]

ನಮಸ್ಕಾರ. ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್‌ನ ಸ್ವಂತ ಆದೇಶಗಳಲ್ಲೇ ಬರೆದರೆ ಪ್ರೋಗ್ರಾಂ ಜೋರಾಗಿ ಓಡುತ್ತದೆ, ಆದರೆ ಒಂದೇ ಯಂತ್ರಕ್ಕೆ ಅಂಟಿಕೊಳ್ಳುತ್ತದೆ. ಎಲ್ಲ ಯಂತ್ರಗಳಲ್ಲೂ ಓಡುವ ಹಾಗೆ ಬರೆದರೆ ನಿಧಾನ. ಪ್ರೋಗ್ರಾಮರ್‌ಗಳು ಈ ಜಗಳ ಆಡುತ್ತಾ ನಲವತ್ತು ವರ್ಷದ ಮೇಲಾಯಿತು. ಇದರ ಜೊತೆಗೆ ಕಾಪಿ ಪ್ರೊಟೆಕ್ಷನ್, ಅಂದರೆ ನಕಲು ಮಾಡದಂತೆ ಹಾಕುವ ಬೀಗವನ್ನೂ ಇಟ್ಟು ನೋಡೋಣ. ಯಾಕೆಂದರೆ ಮೂರೂ ಒಂದೇ ಕಡೆ ಸಿಗುತ್ತವೆ, ಲೋಟಸ್ 1-2-3 ಅನ್ನುವ ಸ್ಪ್ರೆಡ್‌ಶೀಟ್‌ನಲ್ಲಿ.

1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು. ಅದರ 8088 ಪ್ರೊಸೆಸರ್ ವೇಗ 4.77 ಮೆಗಾಹರ್ಟ್ಸ್. ಪ್ರೋಗ್ರಾಂ ಸ್ವಲ್ಪ ಸೋಮಾರಿಯಾದರೂ ಕೂತವರಿಗೆ ಗೊತ್ತಾಗುತ್ತಿತ್ತು. ಆಗ ಕಾಂಟೆಕ್ಸ್ಟ್ ಎಂಬಿಎ ಅನ್ನುವ ಸಾಫ್ಟ್‌ವೇರ್ ಇತ್ತು. ಸ್ಪ್ರೆಡ್‌ಶೀಟ್, ಡೇಟಾಬೇಸ್, ಗ್ರಾಫ್, ಪತ್ರ ಬರೆಯುವುದು, ಎಲ್ಲ ಒಂದರಲ್ಲೇ. ಅದನ್ನು ಬರೆದಿದ್ದು ಯುಸಿಎಸ್‌ಡಿ ಪ್ಯಾಸ್ಕಲ್‌ನಲ್ಲಿ. ಅಂದರೆ ಕೋಡ್ ತಯಾರಾಗುವುದು ನಿಜವಾದ ಪ್ರೊಸೆಸರ್‌ಗೆ ಅಲ್ಲ, ಒಂದು ಕಾಲ್ಪನಿಕ ಯಂತ್ರಕ್ಕೆ. ಆ ಯಂತ್ರವನ್ನು ನಟಿಸುವ ಇಂಟರ್‌ಪ್ರಿಟರ್ ಪ್ರತಿ ಕಂಪ್ಯೂಟರ್‌ನಲ್ಲೂ ಇರುತ್ತದೆ. ಜಾವಾ ಗೊತ್ತಿದ್ದವರಿಗೆ ಇದು ಹೊಸದಲ್ಲ. ಯೋಚನೆ ಚೆನ್ನಾಗಿತ್ತು, ಆದರೆ 4.77 ಮೆಗಾಹರ್ಟ್ಸ್‌ನಲ್ಲಿ ತೆವಳುತ್ತಿತ್ತು.

1983ರ ಜನವರಿಯಲ್ಲಿ ಲೋಟಸ್ 1-2-3 ಮಾರುಕಟ್ಟೆಗೆ ಬಂತು. ಕಂಪನಿ ಮಿಚ್ ಕೇಪರ್ ಅವರದು, ಪ್ರೋಗ್ರಾಂ ಬರೆದವರು ಜೊನಾಥನ್ ಸ್ಯಾಕ್ಸ್, ಅದೂ ಅಸೆಂಬ್ಲಿಯಲ್ಲಿ. ಬಂದ ಸ್ವಲ್ಪ ದಿನಕ್ಕೇ ಕಾಂಟೆಕ್ಸ್ಟ್ ಎಂಬಿಎ ಮೂಲೆ ಸೇರಿತು.

[ತೆರೆಯಲ್ಲಿ: 80 ಕಾಲಂ, 25 ಸಾಲಿನ ಚೌಕಳಿ]

ಆ ವೇಗ ಬಂದಿದ್ದು ಎಲ್ಲಿಂದ? ಪರದೆಯನ್ನೇ ತೆಗೆದುಕೊಳ್ಳಿ. ಒಂದು ಅಕ್ಷರ ಮೂಡಿಸಬೇಕು ಅಂದರೆ ನಿಯಮದ ಪ್ರಕಾರ ಬಯೋಸ್, ಅಂದರೆ ಯಂತ್ರದ ಒಳಗೇ ಇರುವ ಮೂಲ ಪ್ರೋಗ್ರಾಂ ಅನ್ನು ಕೇಳಬೇಕು. ಪರದೆ ತುಂಬ 2,000 ಅಕ್ಷರ, ಒಂದೊಂದಕ್ಕೂ ಬಯೋಸ್‌ಗೆ ಕರೆ. ಲೋಟಸ್ ಕೇಳುತ್ತಲೇ ಇರಲಿಲ್ಲ. ಪಿಸಿಯಲ್ಲಿ ಪರದೆಯ ಮೆಮೊರಿ ಎಲ್ಲಿದೆ ಅನ್ನುವುದು ಗೊತ್ತಿತ್ತು, ಮೊನೊಕ್ರೋಮ್ ಕಾರ್ಡ್ ಆದರೆ ಹೆಕ್ಸ್ (16ರ ಲೆಕ್ಕದ) ವಿಳಾಸ ಬಿ0000, ಕಲರ್ ಆದರೆ ಬಿ8000. ಅಲ್ಲಿಗೇ ನೇರ ಬರೆಯುತ್ತಿತ್ತು. ಒಂದು ಬೈಟ್‌ನಲ್ಲಿ ಅಕ್ಷರ, ಪಕ್ಕದ ಬೈಟ್‌ನಲ್ಲಿ ಅದರ ಬಣ್ಣ. 65 ಹಾಕಿದರೆ ಇಂಗ್ಲಿಷಿನ ಎ, ಅದರ ಪಕ್ಕ 7 ಹಾಕಿದರೆ ಮಾಮೂಲಿ ಬಣ್ಣ. 4,000 ಬೈಟ್ ಬರೆದರೆ ಪೂರ್ತಿ ಪರದೆ ಮುಗಿಯಿತು. ನಡುವೆ ಯಾರೂ ಇಲ್ಲ.

ಈಗ ಇದರ ಬೆಲೆ ನೋಡಿ. ಡಿಇಸಿ ರೇನ್‌ಬೋ, ಟ್ಯಾಂಡಿ 2000, ಇವೆಲ್ಲ ಐಬಿಎಂ ಪಿಸಿಯ ಹಾಗೆ ಎಂಎಸ್-ಡಾಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಓಡಿಸುವ ಯಂತ್ರಗಳೇ. ಟ್ಯಾಂಡಿಯ ಪ್ರೊಸೆಸರ್ ಅಂತೂ ಐಬಿಎಂಗಿಂತ ಜೋರು. ಆದರೆ ಒಳಗಿನ ಹಾರ್ಡ್‌ವೇರ್ ಬೇರೆ, ಹಾಗಾಗಿ ಮಾಮೂಲಿ ಲೋಟಸ್ ಓಡದು. ಆ ಯಂತ್ರಕ್ಕೇ ಬೇರೆಯಾಗಿ ತಯಾರಿಸಿದ ಆವೃತ್ತಿ ಬೇಕು. ಕ್ಲೋನ್, ಅಂದರೆ ಐಬಿಎಂ ಪಿಸಿಯಂತೆಯೇ ಬೇರೆಯವರು ಮಾಡಿದ ಕಂಪ್ಯೂಟರ್ ಕೊಳ್ಳುವವರು ಲೋಟಸ್ ಓಡುತ್ತಾ ಅಂತ ಮೊದಲು ಹಾಕಿ ನೋಡುತ್ತಿದ್ದರು. ಡಾಸ್ ಇದೆ ಅನ್ನುವ ಮಾತಿಗೆ ಬೆಲೆ ಉಳಿಯಲಿಲ್ಲ. ಐಬಿಎಂ ಯಂತ್ರದ ವಿಳಾಸಗಳೇ ಇಡೀ ಉದ್ಯಮಕ್ಕೆ ಕಾನೂನಾದವು, ಒಂದು ಅಪ್ಲಿಕೇಶನ್ ಅವನ್ನು ನೇರವಾಗಿ ಮುಟ್ಟುತ್ತಿತ್ತು ಅನ್ನುವ ಕಾರಣಕ್ಕೆ!

ಇನ್ನು ಬೀಗದ ವಿಷಯ. ಲೋಟಸ್ ಅನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡರೂ ಶುರು ಮಾಡುವಾಗ ಮೂಲ ಫ್ಲಾಪಿ ಎ ಡ್ರೈವ್‌ನಲ್ಲಿ ಇರಲೇಬೇಕಿತ್ತು. ಕೀ ಡಿಸ್ಕ್ ಅನ್ನುತ್ತಿದ್ದರು. ದುಡ್ಡು ಕೊಟ್ಟು ಕೊಂಡವರು ದಿನಾ ಫ್ಲಾಪಿ ಹುಡುಕಬೇಕು. ಅದು ಹಾಳಾದರೆ ಕೆಲಸ ನಿಂತಿತು.

[ತೆರೆಯಲ್ಲಿ: ಐದೂಕಾಲು ಇಂಚಿನ ಫ್ಲಾಪಿ, ಒಂದು ಸೆಕ್ಟರ್ ದೊಡ್ಡದಾಗಿ]

ಫ್ಲಾಪಿಗೆ ಬೀಗ ಹಾಕುವುದು ಹೇಗೆ ಅಂತೀರಾ? ಆಗ ಹಲವು ಉಪಾಯಗಳಿದ್ದವು. ನನಗೆ ತುಂಬ ಜಾಣತನದ್ದು ಅನ್ನಿಸುವುದು ವೀಕ್ ಬಿಟ್. ಡಿಸ್ಕ್‌ನ ಒಂದು ಜಾಗದಲ್ಲಿ ಕಾಂತದ ಗುರುತನ್ನು ಬೇಕಂತಲೇ ಅಸ್ಪಷ್ಟವಾಗಿ ಬಿಡುತ್ತಾರೆ. ಓದಿದಾಗ ಒಮ್ಮೆ 0 ಬರುತ್ತದೆ, ಇನ್ನೊಮ್ಮೆ 1. ಪ್ರೋಗ್ರಾಂ ಅದೇ ಜಾಗವನ್ನು ಹಲವು ಸಲ ಓದುತ್ತದೆ. ಉತ್ತರ ಬದಲಾಗುತ್ತಿದ್ದರೆ ಡಿಸ್ಕ್ ಅಸಲಿ. ಪ್ರತಿ ಸಲವೂ ಒಂದೇ ಉತ್ತರ ಬಂದರೆ ನಕಲು, ಯಾಕೆಂದರೆ ನಿಮ್ಮ ಪಿಸಿಯ ಡ್ರೈವ್ ಕಾಪಿ ಮಾಡುವಾಗ ಸ್ಪಷ್ಟವಾದ 0 ಅಥವಾ 1 ಅನ್ನೇ ಬರೆಯುತ್ತದೆ, ಅಸ್ಪಷ್ಟವಾಗಿ ಬರೆಯಲು ಅದಕ್ಕೆ ಬರುವುದೇ ಇಲ್ಲ.

ಬೀಗ ಇದ್ದ ಕಡೆ ಬೀಗ ಒಡೆಯುವವರೂ ಬಂದರು. ಸೆಂಟ್ರಲ್ ಪಾಯಿಂಟ್ ಕಂಪನಿ ಬೀಗ ಇರುವ ಡಿಸ್ಕನ್ನೂ ಕಾಪಿ ಮಾಡುವ ಕಾಪಿ II ಪಿಸಿ ಅನ್ನುವ ಸಾಫ್ಟ್‌ವೇರ್ ಮಾರಿತು. ಅಂಥದ್ದೇ ಸಾಫ್ಟ್‌ವೇರ್ ಮಾರುತ್ತಿದ್ದ ಕ್ವೈಡ್ ಅನ್ನುವ ಕಂಪನಿಯ ಮೇಲೆ ಬೀಗ ತಯಾರಿಸುವ ವಾಲ್ಟ್ ಕಂಪನಿ ಕೇಸು ಹಾಕಿತು. 1988ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕ್ವೈಡ್ ಪರ ನಿಂತಿತು. ಕೊಂಡವರಿಗೆ ಬ್ಯಾಕಪ್ ಇಟ್ಟುಕೊಳ್ಳುವ ಹಕ್ಕಿದೆ, ಈ ಸಾಫ್ಟ್‌ವೇರ್‌ಗೆ ಆ ನ್ಯಾಯವಾದ ಬಳಕೆಯೂ ಇದೆ ಅಂದಿತು. ಲೋಟಸ್ ಕೂಡ ಮುಂದೆ ಕೀ ಡಿಸ್ಕ್ ಬಿಟ್ಟಿತು.

ನನ್ನ ವಾದ ಇಷ್ಟು. ಬಿ8000ಕ್ಕೆ ನೇರ ಬರೆಯುವುದೂ, ವೀಕ್ ಬಿಟ್ ಹುಡುಕುವುದೂ ಒಂದೇ ಜಾತಿಯ ಕೆಲಸ. ಎರಡೂ ಪ್ರೋಗ್ರಾಂ ಅನ್ನು ಒಂದು ಹಾರ್ಡ್‌ವೇರ್‌ಗೆ ಕಟ್ಟಿ ಹಾಕುತ್ತವೆ. ಆದರೆ ಮೊದಲನೆಯದರಲ್ಲಿ ಬಳಸುವವರಿಗೆ ವೇಗ ಸಿಕ್ಕಿತು. ಎರಡನೆಯದರಲ್ಲಿ ಅವರಿಗೆ ಏನೂ ಸಿಗಲಿಲ್ಲ, ಬರೀ ತೊಂದರೆ. ಅಸೆಂಬ್ಲಿ ಬರೆದವರನ್ನು ಪೋರ್ಟಬಿಲಿಟಿಯ (ಎಲ್ಲ ಯಂತ್ರಗಳಲ್ಲೂ ಓಡುವ ಗುಣದ) ಶತ್ರುಗಳು ಅಂತ ಬೈಯುವವರು ಈ ವ್ಯತ್ಯಾಸ ಮರೆಯುತ್ತಾರೆ. ಪೋರ್ಟಬಿಲಿಟಿ ಬೇಡ ಅನ್ನುವುದೇ ಉದ್ದೇಶವಾಗಿದ್ದದ್ದು ಬೀಗಕ್ಕೆ ಮಾತ್ರ.

ನಮ್ಮಲ್ಲೂ ಡಿಟಿಪಿ ಮಾಡುತ್ತಿದ್ದವರನ್ನು ಕೇಳಿ. ಪ್ರಿಂಟರ್ ಪೋರ್ಟ್‌ಗೆ ಡಾಂಗಲ್ ಅನ್ನುವ ಬೀಗದ ಕೈಯಂಥ ಚಿಕ್ಕ ಸಾಧನ ಸಿಕ್ಕಿಸಿದರೆ ಮಾತ್ರ ತೆರೆದುಕೊಳ್ಳುವ ಕನ್ನಡ ಸಾಫ್ಟ್‌ವೇರ್ ಅವರು ನೋಡಿರುತ್ತಾರೆ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟೇ ಇಲ್ಲ, ಅಲ್ವಾ?

ಅಸೆಂಬ್ಲಿಯ ಸಾಲವನ್ನೂ ಲೋಟಸ್ ತೀರಿಸಬೇಕಾಯಿತು, ಅದು ನಿಜ. ರಿಲೀಸ್ 3 ಅನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1987ರಲ್ಲಿ ಘೋಷಿಸಿದ್ದು ಕೈಗೆ ಬಂದಿದ್ದು 1989ರಲ್ಲಿ. ಮೆಮೊರಿ ಜಾಸ್ತಿ ಬೇಡುತ್ತಿತ್ತು, ಅದಕ್ಕೇ 640 ಕೆಬಿಯ ಹಳೆಯ ಯಂತ್ರಗಳಿಗೆ ಅಂತ ರಿಲೀಸ್ 2.2 ಬೇರೆ ತರಬೇಕಾಯಿತು. ಅಷ್ಟರಲ್ಲಿ ಎಕ್ಸೆಲ್ ವಿಂಡೋಸ್‌ಗೆ ಬಂದಾಗಿತ್ತು. ಆದರೆ ಸಿ ಆವೃತ್ತಿಯಿಂದ ಯುನಿಕ್ಸ್‌ಗೂ ಲೋಟಸ್ ಹೋಯಿತು, ಆ ಯುನಿಕ್ಸ್ ಫೈಲುಗಳನ್ನು ಹಿಡಿದು 2022ರಲ್ಲಿ ಟ್ಯಾವಿಸ್ ಆರ್ಮಂಡಿ ಅನ್ನುವ ಕಂಪ್ಯೂಟರ್ ಭದ್ರತಾ ಸಂಶೋಧಕರು ಲೋಟಸ್ 1-2-3 ಅನ್ನು ಇವತ್ತಿನ ಲಿನಕ್ಸ್‌ನಲ್ಲಿ ಓಡಿಸಿ ತೋರಿಸಿದರು.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಹಳೆಯ ಸಾಫ್ಟ್‌ವೇರ್ ಫ್ಲಾಪಿ ಇದ್ದರೆ ಸುಮ್ನೆ ಎಸೆಯಬೇಡಿ. ಮಾಮೂಲಿ ಡಿಸ್ಕ್ ಇಮೇಜ್ ತೆಗೆದರೆ ಅದರಲ್ಲಿ ವೀಕ್ ಬಿಟ್ ಉಳಿಯುವುದಿಲ್ಲ. ಗ್ರೀಸ್‌ವೀಝಲ್ ಅನ್ನುವ ಚಿಕ್ಕ ಬೋರ್ಡ್ ಇದೆ, ಅದು ಹಳೆಯ ಡ್ರೈವ್ ಮೂಲಕ ಕಾಂತದ ಏರಿಳಿತವನ್ನೇ ದಾಖಲಿಸುತ್ತದೆ. ಒಂದೇ ಟ್ರ್ಯಾಕನ್ನು ಹಲವು ಸುತ್ತು ಓದಿಸಿ, ಆಗ ಬದಲಾಗುವ ಜಾಗಗಳೂ ಫೈಲಿನಲ್ಲಿ ಸೇರುತ್ತವೆ. ನಿಮ್ಮ ಹತ್ತಿರ ಯಾವ ಡಿಸ್ಕ್ ಇದೆ ಅಂತ ಕೆಳಗೆ ಬರೆಯಿರಿ.