ವನ್ಸ್ ಮೋರ್ ಕೇಳಿಸದ ಪರದೆ
(ವಿಶ್ವ ರಂಗಭೂಮಿ ದಿನದಂದು ತುಮಕೂರಿನಲ್ಲಿ ಮಾಡಿದ ಉಪನ್ಯಾಸ)

ಸಭೆಗೆ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಕಂಪನಿ ನಾಟಕ ಮತ್ತು ಕನ್ನಡ ಚಲನಚಿತ್ರ: ಒಂದು ಅವಲೋಕನ’ ಎಂದು ಅಚ್ಚಾಗಿದೆ. ಅವಲೋಕನ ಎಂಬ ಪದ ಕಂಡರೆ ನನಗೆ ನಿದ್ದೆ ಬರುತ್ತದೆ. ನಿಮ್ಮ ಪಾಡೂ ಅದೇ ಇರಬೇಕು, ಅದರಲ್ಲೂ ಊಟದ ಮೇಲಿನ ಗೋಷ್ಠಿ ಇದು. ಆದ್ದರಿಂದ ಅವಲೋಕನವನ್ನು ಕೈಬಿಟ್ಟು, ಕೆಲವು ದಿನಗಳಿಂದ ಹೊಟ್ಟೆಯಲ್ಲಿ ಕುದಿಯುತ್ತಿರುವ ಒಂದು ಮಾತನ್ನು ನಿಮ್ಮ ಮುಂದೆ ಇಳಿಸಿ ಹೋಗುತ್ತೇನೆ.

ಕಳೆದ ತಿಂಗಳು ಇಂಥದೇ ಒಂದು ಸಭೆಯಲ್ಲಿ ಒಬ್ಬ ವಿದ್ವಾಂಸರು, ‘ಸಿನಿಮಾ ಬಂದ ಕೂಡಲೇ ಪ್ರೇಕ್ಷಕರು ನಾಟಕವನ್ನು ಬಿಟ್ಟು ಓಡಿದರು, ಅವರಿಗೆ ಅದೇ ಹೆಚ್ಚು ರುಚಿಸಿತು’ ಎಂದರು. ಓಡಿದ್ದು ನಿಜ. ರುಚಿಸಿತು ಎಂದು ಅವರಿಗೆ ಹೇಳಿದವರು ಯಾರು? ನಟರು ಆತ್ಮಕಥೆ ಬರೆದರು, ನಿರ್ದೇಶಕರು ಸಂದರ್ಶನ ಕೊಟ್ಟರು. ನೆಲದ ಟಿಕೆಟ್ಟು ತೆಗೆದುಕೊಂಡು, ಟವೆಲ್ ಹಾಸಿಕೊಂಡು ಕುಳಿತವನು ಮನೆಗೆ ಹೋಗಿ ಹೆಂಡತಿಯ ಹತ್ತಿರ ಏನು ಹೇಳಿದ ಎಂಬುದನ್ನು ಯಾರೂ ಬರೆದಿಡಲಿಲ್ಲ. ಹಾಗೆ ಹೇಳಿದ ಒಬ್ಬರು ನಮ್ಮ ಮನೆಯಲ್ಲೇ ಇದ್ದರು. ಅವರ ಸಾಕ್ಷ್ಯವನ್ನು ಮುಂದೆ ತರುತ್ತೇನೆ.

ಅದಕ್ಕೆ ಮೊದಲು ಎರಡು ಮಾತು ಹಿನ್ನೆಲೆ. ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. 1884ರಲ್ಲಿ ಅಲ್ಲಿ ಹುಟ್ಟಿ ಊರೂರು ತಿರುಗಿ ನಾಟಕ ಆಡಿದ ಕಂಪನಿಯ ಚರಿತ್ರೆಯನ್ನು ತುಮಕೂರಿನವರಿಗೆ ಹೇಳಲು ಹೊರಟರೆ ನೀವು ನನ್ನನ್ನೇ ತಿದ್ದುತ್ತೀರಿ. ಆದರೆ ಒಂದು ಸಂಗತಿಯನ್ನು ನಾವು ಸಾಕಷ್ಟು ಜಂಬದಿಂದ ಹೇಳಿಕೊಳ್ಳುತ್ತಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಇಬ್ಬರೂ ಬಣ್ಣದ ಪೆಟ್ಟಿಗೆಯ ಜೊತೆ ಊರೂರು ತಿರುಗಿದವರು. ಸಂಭಾಷಣೆ ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ, ಸ್ವಾಮಿ! ನಮ್ಮ ತಾಲ್ಲೂಕು! ಪರದೆ ಮೊದಲ ಬಾರಿಗೆ ಕನ್ನಡದಲ್ಲಿ ಬಾಯಿ ಬಿಟ್ಟಾಗ ಆಡಿದ್ದು ನಮ್ಮವರು ಬರೆದುಕೊಟ್ಟ ಮಾತು. (ಚಪ್ಪಾಳೆ ತಟ್ಟಬೇಕಾದ ಜಾಗ ಇದೇ. ಹಿಂದಿನ ಸಾಲಿನವರು ಎದ್ದಿದ್ದೀರೋ ಇಲ್ಲವೋ ಎಂದು ನೋಡಿದೆ.)

ಮರುವರ್ಷವೇ ‘ಸದಾರಮೆ’ ಬಂತು. ರಂಗದ ಮೇಲೆ ಅದೇ ನಾಟಕದ ಕಳ್ಳನ ಪಾತ್ರದಿಂದ ನಾಡನ್ನೇ ನಗಿಸಿದ್ದ ಗುಬ್ಬಿ ಕಂಪನಿಯ ವೀರಣ್ಣನವರು ಪರದೆಯ ಮೇಲೂ ಬಂದರು. 1946ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’, 1954ರಲ್ಲಿ ‘ಬೇಡರ ಕಣ್ಣಪ್ಪ’. ಅಂದರೆ ನಮ್ಮ ಸಿನಿಮಾ ತನ್ನ ಮೊದಲ ಇಪ್ಪತ್ತು ವರ್ಷ ತಿಂದದ್ದು ಬಹುಪಾಲು ಕಂಪನಿ ಮನೆಯ ಅನ್ನ. ಅದೇ ಕಥೆ, ಅದೇ ನಟರು. ಹಾಗಿದ್ದ ಮೇಲೆ ನೋಡಿದವನಿಗೆ ಕಾಣೆಯಾದದ್ದು ಏನು?

ಮೊದಲಿಗೆ, ಬಣ್ಣ. ಇದನ್ನು ಯಾವ ವಿಮರ್ಶಕರೂ ಹೇಳಿದ್ದನ್ನು ನಾನು ಓದಿಲ್ಲ, ಆದರೆ ಹಳಬರು ಎಲ್ಲರೂ ಹೇಳುತ್ತಿದ್ದರು. ಕಂಪನಿ ನಾಟಕ ಎಂದರೆ ಮಿಂಚುವ ಜರಿ, ಕೆಂಪು ಮಖಮಲ್ಲು, ಮುಖದ ತುಂಬ ಅರದಾಳದ ಬಣ್ಣ, ಸರ್ರನೆ ಇಳಿಯುವ ಅರಮನೆಯ ಪರದೆ, ಅದರ ಹಿಂದೆಯೇ ಕಾಡಿನ ಪರದೆ. ಅಂಥ ರಾಜ ಸಿನಿಮಾದಲ್ಲಿ ಬೂದಿ ಬಳಿದುಕೊಂಡವನಂತೆ ಬಂದು ನಿಂತ. ಸಿನಿಮಾ ಹೊಸದು, ನಾಟಕ ಹಳೆಯದು ಎಂದು ನಾವು ಅಂದುಕೊಳ್ಳುತ್ತೇವೆ. ಅಂದಿನವನ ಕಣ್ಣಿಗೆ ಬಣ್ಣದ ಲೋಕದಿಂದ ಕಪ್ಪು ಬಿಳುಪಿನ ಲೋಕಕ್ಕೆ ಇಳಿದಂತೆ ಆಗಿತ್ತು.

ಆದರೂ ಅದನ್ನು ಜನ ಕ್ಷಮಿಸಿದರು. ಕ್ಷಮಿಸದೆ ಉಳಿದದ್ದು ಇನ್ನೊಂದು. ಸಾಕ್ಷಿಯನ್ನು ಈಗ ಕರೆಯುತ್ತೇನೆ.

ನಮ್ಮ ದೊಡ್ಡಪ್ಪ ಹಾರ್ಮೋನಿಯಂ ಮೇಷ್ಟ್ರು. ಹೊಲ ಇತ್ತು, ಅದನ್ನು ದೊಡ್ಡಮ್ಮ ನೋಡಿಕೊಳ್ಳುತ್ತಿದ್ದರು. ಇವರು ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿ ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುತ್ತಿದ್ದರು. ‘ಬೇಡರ ಕಣ್ಣಪ್ಪ’ ಬೆಂಗಳೂರಿನಲ್ಲಿ ಓಡಿ ಸುಸ್ತಾಗಿ ನಮ್ಮ ಕಡೆಯ ಟೆಂಟಿಗೆ ಬರುವಾಗ ತಿಂಗಳುಗಳೇ ಕಳೆದಿದ್ದವು. ಅಷ್ಟರಲ್ಲಿ ಇವರು ಅದೇ ಕಥೆಯನ್ನು ಎರಡು ಊರಿನವರಿಗೆ ಕಲಿಸಿಯೂ ಆಗಿತ್ತು. ಆದ್ದರಿಂದ ಇವರು ಸಿನಿಮಾ ನೋಡಲು ಹೋಗಲಿಲ್ಲ, ಪರೀಕ್ಷೆ ಮಾಡಲು ಹೋದರು. ಜೊತೆಗೆ ಶಿಷ್ಯರು, ಒಂದು ಗಾಡಿ ತುಂಬ. ಎಲ್ಲರೂ ನೆಲದ ಮೊದಲ ಸಾಲು.

ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಟೆಂಟಿನ ತೂತಿನಿಂದ ನಾನೇ ಇಣುಕಿದಂತಿದೆ. ಒಂದು ಎಚ್ಚರಿಕೆ: ನಾನು ಎಂಟು ವರ್ಷದವನಾಗಿದ್ದಾಗ ಆ ಟೆಂಟಿನಲ್ಲಿ ಇನ್ನೂರು ಜನ ಇದ್ದರು. ನನಗೆ ಕೆಲಸ ಸಿಗುವ ಹೊತ್ತಿಗೆ ಸಾವಿರ ದಾಟಿತ್ತು.

ಸರಿ. ಸಿನಿಮಾ ಶುರುವಾಯಿತು. ಹೊಸ ಹುಡುಗ, ರಾಜಕುಮಾರ್ ಎಂದು ಹೆಸರು. ‘ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, ಗುಬ್ಬಿ ಕಂಪನಿಯಲ್ಲಿ ಬೆಳೆದವನು’ ಎಂದು ದೊಡ್ಡಪ್ಪ ಅಕ್ಕಪಕ್ಕದವರಿಗೆಲ್ಲ ಹೇಳಿ ಮುಗಿಸುವ ಹೊತ್ತಿಗೆ ‘ಶಿವಪ್ಪ ಕಾಯೋ ತಂದೆ’ ಬಂತು. ಟೆಂಟು ತಣ್ಣಗಾಯಿತು. ಹಸಿದ ಬೇಡನ ಹಾಡು ಅದು. ಹಸಿವು ಗೊತ್ತಿದ್ದವರೇ ಕೆಳಗೆ ಕುಳಿತಿದ್ದರು. ಹಾಡು ಮುಗಿಯಿತು ನೋಡಿ, ದೊಡ್ಡಪ್ಪ ತೊಡೆಯ ಮೇಲೆ ಹಾಕುತ್ತಿದ್ದ ತಾಳ ನಿಲ್ಲಿಸಿ, ಅಭ್ಯಾಸಬಲದಿಂದ ಎದ್ದು ನಿಂತು ‘ವನ್ಸ್ ಮೋರ್!’ ಎಂದರು. ನಾಟಕದಲ್ಲಿ ಹಾಗೆ ಕೂಗಿದರೆ ನಟ ಆ ಹಾಡನ್ನು ಮತ್ತೆ ಹಾಡುವುದು ವಾಡಿಕೆ. ಹಿಂದಿನಿಂದ ಇಡೀ ಟೆಂಟು ‘ವನ್ಸ್ ಮೋರ್’ ಎಂದಿತು. ಕಾಸುಗಳು ಪರದೆಯ ಮೇಲೆ ಬಿದ್ದವು. ಕಣ್ಣಪ್ಪ ತಿರುಗಿ ನೋಡಲಿಲ್ಲ. ತನ್ನ ಪಾಡಿಗೆ ತಾನು ಮುಂದಿನ ಸೀನಿಗೆ ಹೊರಟೇಹೋದ.

ಪಕ್ಕದಲ್ಲಿದ್ದ ಒಬ್ಬ ಶಿಷ್ಯ, ‘ಏನು ಮೇಷ್ಟ್ರೇ, ಇವನಿಗೆ ಇಷ್ಟು ಕೊಬ್ಬು?’ ಎಂದನಂತೆ.

ಸಿನಿಮಾ ಮುಗಿದ ಮೇಲೆ ದೊಡ್ಡಪ್ಪ ನೇರವಾಗಿ ಮಿಷನ್ನಿನ ಹತ್ತಿರ ಹೋದರು. ಆಪರೇಟರ್ ಬೀಡಿ ಹಚ್ಚುತ್ತಿದ್ದ. ‘ಆ ಹಾಡನ್ನು ಇನ್ನೊಂದು ಸಲ ಬಿಡಪ್ಪ’ ಎಂದರು. ಅವನು, ‘ಮೇಷ್ಟ್ರೇ, ಒಂದು ಹಾಡಿಗೆ ಇಡೀ ರೀಲು ಸುತ್ತಬೇಕು, ಮಾಲೀಕರು ನನ್ನ ಚರ್ಮ ಸುಲಿಯುತ್ತಾರೆ’ ಎಂದ. ಮಾಲೀಕರು ಬಂದರು. ಜನ ಕದಲಲಿಲ್ಲ. ಕೊನೆಗೆ ಮಾಲೀಕರೇ, ‘ಸುತ್ತಪ್ಪ, ಇವರು ಟೆಂಟು ಕಿತ್ತುಕೊಂಡು ಹೋಗುತ್ತಾರೆ’ ಎಂದರು. ಕೈಯಲ್ಲಿ ರೀಲು ತಿರುಗಿಸಿದ್ದಾಯಿತು. ಗಾಡಿ ಕಟ್ಟುತ್ತಿದ್ದವರು ಎತ್ತುಗಳನ್ನು ಮತ್ತೆ ಬಿಚ್ಚಿದರು. ಮಲಗಿದ್ದ ಮಕ್ಕಳು ಹೆಗಲ ಮೇಲೆಯೇ ವಾಪಸ್ಸು ಬಂದವು. ದೀಪ ಆರಿತು. ಹಾಡು ಎರಡನೆಯ ಸಲ ಬಂತು.

ದೊಡ್ಡಪ್ಪ ಮುಂದಕ್ಕೆ ಬಾಗಿ ಕುಳಿತರು. ಈ ಸಲ ಎಲ್ಲಿ ತಿರುವು ಹಾಕುತ್ತಾನೆ, ಯಾವ ಸ್ವರದ ಮೇಲೆ ನಿಲ್ಲುತ್ತಾನೆ ಎಂದು ಕಾದರು. ಅದೇ ಜಾಗದಲ್ಲಿ ಉಸಿರು. ಅದೇ ಜಾಗದಲ್ಲಿ ಕತ್ತು ಓರೆ. ಮೊದಲ ಸಲ ಗಾಳಿಗೆ ಪರದೆಯ ಬಲಮೂಲೆ ಅಲುಗಿತ್ತು, ಎರಡನೆಯ ಸಲ ಅಲುಗಲಿಲ್ಲ. ಅಷ್ಟೇ ವ್ಯತ್ಯಾಸ.

ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದರು: ‘ಎರಡನೆಯ ಸಲವೂ ಅದನ್ನೇ ಹಾಡಿದ ಕಣೇ.’

ದೊಡ್ಡಮ್ಮ ಮುದ್ದೆ ತಟ್ಟೆ ಮುಂದಿಟ್ಟು, ‘ಮತ್ತೇನು ಹಾಡಬೇಕಿತ್ತು? ನೀವು ಕೇಳಿದ್ದು ಅದನ್ನೇ ತಾನೇ?’ ಎಂದರಂತೆ.

ನಗಬೇಡಿ. ದೊಡ್ಡಮ್ಮನ ಪ್ರಶ್ನೆಗೆ ದೊಡ್ಡಪ್ಪ ಸಾಯುವವರೆಗೂ ಉತ್ತರ ಹುಡುಕುತ್ತಿದ್ದರು, ಈಗ ನಾನು ಹುಡುಕುತ್ತಿದ್ದೇನೆ. ವನ್ಸ್ ಮೋರ್ ಎಂದರೆ ‘ಅದನ್ನೇ ಇನ್ನೊಮ್ಮೆ ಕೊಡು’ ಎಂದು ಅಲ್ಲ. ‘ನೀನು ಹಾಡಿದ್ದು ನಮಗೆ ಮುಟ್ಟಿತು, ನಮಗೆ ಮುಟ್ಟಿದ್ದು ಗೊತ್ತಾದ ಮೇಲೆ ನೀನು ಹೇಗೆ ಹಾಡುತ್ತೀಯೋ ನೋಡೋಣ’ ಎಂದು. ಅದು ಕೆಳಗೆ ಕುಳಿತವನು ನಾಟಕದೊಳಗೆ ಆಡುವ ಒಂದೇ ಒಂದು ಸಂಭಾಷಣೆ. ಸಿನಿಮಾ ಕಥೆಯನ್ನು ತೆಗೆದುಕೊಂಡಿತು, ಮಟ್ಟುಗಳನ್ನು ತೆಗೆದುಕೊಂಡಿತು, ವೀರಣ್ಣನವರನ್ನೇ ಕರೆದುಕೊಂಡು ಹೋಯಿತು. ಪ್ರೇಕ್ಷಕನ ಪಾತ್ರವನ್ನು ಮಾತ್ರ ಕತ್ತರಿಸಿ ಎಸೆಯಿತು. ‘ಸಿನಿಮಾ ಚೆನ್ನಾಗಿದೆ, ಆದರೆ ನಾಟಕದ ಹಾಗಿಲ್ಲ’ ಎಂದು ಆ ಕಾಲದವರು ಗೊಣಗುತ್ತಿದ್ದರಲ್ಲ, ಅದನ್ನು ಕಥೆ ಬದಲಾಯಿಸಿದ ದೂರು ಎಂದು ನಮ್ಮ ವಿದ್ವಾಂಸರು ತಿಳಿದುಕೊಂಡಿದ್ದಾರೆ. ಅದು ಪಾತ್ರ ಕಳೆದುಕೊಂಡವನ ದೂರು.

ವನ್ಸ್ ಮೋರ್‌ನಿಂದ ನಾಟಕ ಕೆಡುತ್ತದೆ, ರಸಭಂಗವಾಗುತ್ತದೆ ಎನ್ನುತ್ತೀರಿ. ಒಪ್ಪಿದೆ. ಒಂದು ಊರಿನಲ್ಲಿ ಅಭಿಮನ್ಯು ಮೂರು ಸಲ ಸತ್ತದ್ದನ್ನು ನಾನೇ ನೋಡಿದ್ದೇನೆ. ಸತ್ತವನು ಎದ್ದು, ಮಣ್ಣು ಕೊಡವಿಕೊಂಡು, ಹಾಡಿ, ಮತ್ತೆ ಜಾಗ ನೋಡಿ ಬಿದ್ದ. ಮೂರನೆಯ ಸಲ ಸಾಯುವಾಗ ಅವನಿಗೆ ನಿಜವಾಗಿಯೂ ಸುಸ್ತಾಗಿತ್ತು, ಆ ಸಾವೇ ಚೆನ್ನಾಗಿತ್ತು.

ಸಿನಿಮಾದ ಪರವಾಗಿಯೂ ನ್ಯಾಯ ಹೇಳಬೇಕು. ಅದು ಪಿಸುಮಾತನ್ನು ತಂದಿತು. ಮೈಕಿಲ್ಲದ ಕಾಲದಲ್ಲಿ ಸದಾರಮೆ ತನ್ನ ಗುಟ್ಟನ್ನೂ ಕೊನೆಯ ಸಾಲಿಗೆ ಕೇಳಿಸುವಂತೆ ಕೂಗಿ ಹೇಳಬೇಕಿತ್ತು. ನಮ್ಮ ಅಮ್ಮ ಇನ್ನೊಂದು ಹೇಳುತ್ತಿದ್ದರು: ನಾಟಕ ಎಂದರೆ ಬೆಳಗಿನ ಜಾವದವರೆಗೆ, ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಿದ್ದರು? ಮೊದಲ ಆಟದ ಸಿನಿಮಾ ಆದರೆ ರಾತ್ರಿ ಊಟದ ಹೊತ್ತಿಗೆ ಮನೆ. ದೊಡ್ಡಪ್ಪನ ಸಾಕ್ಷ್ಯದ ಎದುರಿಗೆ ಅಮ್ಮನ ಸಾಕ್ಷ್ಯವನ್ನೂ ಇಡುತ್ತೇನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

1974ಕ್ಕೆ ಬರೋಣ. ‘ಸಂಪತ್ತಿಗೆ ಸವಾಲ್’. ಧುತ್ತರಗಿಯವರ ನಾಟಕ, ಉತ್ತರ ಕರ್ನಾಟಕದ ಕಂಪನಿಗಳ ಕಡೆಯದು. ಆ ಹೊತ್ತಿಗೆ ರಾಜಕುಮಾರ್ ಎಂದರೆ ಪಿ.ಬಿ. ಶ್ರೀನಿವಾಸ್ ಅವರ ಕಂಠ ಎಂದು ಜನ ಒಪ್ಪಿಕೊಂಡಾಗಿತ್ತು. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡಿನಲ್ಲಿ ರಾಜಕುಮಾರ್ ಸ್ವಂತ ದನಿ ತೆಗೆದರು. ನಾನಾಗ ಹೈಸ್ಕೂಲು. ಕಂಪನಿಯ ಕೂಸು, ಕಂಪನಿಯ ನಾಟಕದ ಸಿನಿಮಾದಲ್ಲಿ, ತನ್ನ ಗಂಟಲಿನಲ್ಲಿ! ನಾಟಕದಲ್ಲಿ ಇದು ಸುದ್ದಿಯೇ ಅಲ್ಲ, ಹಾಡಲು ಬಾರದವನಿಗೆ ಅಲ್ಲಿ ಪಾತ್ರವೇ ಇಲ್ಲ. ದೊಡ್ಡಪ್ಪನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಹಾಡು ಮುಗಿದಾಗ ಅವರ ಮುಖ ನೋಡಿದೆ. ಬಾಯಿ ತೆರೆದರು, ಮುಚ್ಚಿದರು. ವನ್ಸ್ ಮೋರ್ ಎನ್ನಲಿಲ್ಲ. ಕಲಿತುಬಿಟ್ಟಿದ್ದರು.

ಈಗಿನ ಮಾತು. ಕಳೆದ ಬೇಸಿಗೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ. ಬಾಡಿಗೆ ಸೀನರಿ, ಮೂರು ತಿಂಗಳ ತಾಲೀಮು. ದುಡ್ಡು ಕೊಟ್ಟು ಪಾತ್ರ ಮಾಡುವವರು ಜಾಸ್ತಿಯಾದ್ದರಿಂದ ಒಂದೇ ರಾತ್ರಿಗೆ ಮೂವರು ಕೃಷ್ಣರು. ದುರ್ಯೋಧನನ ಪಾತ್ರ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವ ಒಬ್ಬ ರೈತನದು. ಕಂದ ಪದ್ಯ ಎತ್ತಿದ, ಜನ ವನ್ಸ್ ಮೋರ್ ಎಂದರು. ನನ್ನ ಪಕ್ಕದ ಹುಡುಗ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಎಷ್ಟು ಸಲ ಬೇಕಾದರೂ ನೋಡಿಕೊಳ್ಳಬಹುದು, ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವನೇ. ದುರ್ಯೋಧನ ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ, ಉಸಿರು ತೆಗೆದುಕೊಂಡು, ಎರಡನೆಯ ಸಲ ಶುರು ಮಾಡಿದ. ಮೊದಲ ಸಲ ಭೀಮನ ಕಡೆಗೆ ಗದೆ ತೋರಿಸಿ ಹಾಡಿದ್ದ. ಈ ಸಲ ಗದೆಯನ್ನು ಕೆಳಗಿಟ್ಟ. ಮುಂದಿನ ಸಾಲಿನಲ್ಲಿ ಅವನ ತಾಯಿ ಕುಳಿತಿದ್ದರು, ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಅವರ ಕಡೆ ತಿರುಗಿ ಹಾಡಿದ. ಅದೇ ಕಂದ, ಅದೇ ಮಾತು. ನನ್ನ ಹಿಂದೆ ಯಾರೋ ‘ಗಾಂಧಾರಿ’ ಎಂದರು. ಮೆಲ್ಲಗೆ.

ಚೀಟಿ ಬಂದಿದೆ. ‘ಐದು ನಿಮಿಷ’ ಎಂದು ಬರೆದು ಐದನ್ನು ಹೊಡೆದು ಎರಡು ಮಾಡಿದ್ದಾರೆ. ಹಾಗಾದರೆ ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದ್ದು, ಸಿ. ಅಶ್ವತ್ಥ್ ಅವರ ಸಂಗೀತ, ಅದರ ಬಗ್ಗೆ ಇರುವ ನಾಲ್ಕು ಹಾಳೆಯನ್ನು ಮಡಿಸುತ್ತೇನೆ. 1997ರ ‘ನಾಗಮಂಡಲ’ದ ಬಗ್ಗೆ ಒಂದೇ ಮಾತು: ಕಾರ್ನಾಡರ ನಾಟಕದಲ್ಲಿ ದೀಪಗಳು ಮಾತನಾಡುತ್ತವೆ. ಅದನ್ನು ಓದಿಕೊಂಡು ಹೋಗಿ ಸಿನಿಮಾ ನೋಡಿ, ಚರ್ಚೆ ಆಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಮುಂದೆ ಮಾಡೋಣ. ಅಲ್ಲಿ ಎರಡನೆಯ ಸಲ ಕೇಳಿದರೆ ಚಟ್ನಿಯನ್ನಾದರೂ ಹಾಕುತ್ತಾರೆ.

ಪರದೆಯ ಹಿಂದೆ ಶ್ರುತಿ ಹಿಡಿಯುತ್ತಿರುವುದು ಕೇಳಿಸುತ್ತಿದೆ. ಸದಾರಮೆಯ ಕಳ್ಳ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದಾನೆ, ಸೆಕೆಗೆ ಮೀಸೆ ಕಿತ್ತು ಬರುತ್ತದೆ. ನಾನು ಇಳಿಯುತ್ತೇನೆ. ನೀವು ವನ್ಸ್ ಮೋರ್ ಅನ್ನುವುದಿದ್ದರೆ ಅವನಿಗೆ ಅನ್ನಿ. ನನಗೆ ಅಂದರೆ ಮಡಿಸಿದ ಹಾಳೆಗಳನ್ನು ಮತ್ತೆ ಬಿಚ್ಚಿಬಿಡುತ್ತೇನೆ.