ತಿಂಗಳಿಗೆ ಐನೂರು ರೂಪಾಯಿ ಹೂಡುವವರು ಯಾವ ಆ್ಯಪ್ ಆರಿಸಿಕೊಳ್ಳಬೇಕು?

(ತೆರೆಯ ಮೇಲೆ: ಗುಳೇದಗುಡ್ಡದ ಒಂದು ಓಣಿ, ಮಗ್ಗದ ಸದ್ದು, ನಂತರ ಮೊಬೈಲ್ ಪರದೆ)

ನಮಸ್ಕಾರ. ಬಾಗಲಕೋಟೆ ಜಿಲ್ಲೆಯವರಿಗೆ ಸಣ್ಣ ಉಳಿತಾಯ ಹೊಸದಲ್ಲ. ದಿನವೂ ಅಂಗಡಿ ಬಾಗಿಲಿಗೆ ಬರುವ ಪಿಗ್ಮಿ ಏಜೆಂಟರು, ಓಣಿಯ ಹೆಣ್ಣುಮಕ್ಕಳು ಸೇರಿ ನಡೆಸುವ ಭಿಶಿ, ಪತ್ತಿನ ಸಹಕಾರಿ ಸಂಘದ ಆರ್‌ಡಿ, ಇವೆಲ್ಲ ಇಲ್ಲಿ ಮೊದಲಿನಿಂದಲೂ ಇವೆ. ಈಗ ಇವುಗಳ ಪಕ್ಕದಲ್ಲಿ ಮ್ಯೂಚುವಲ್ ಫಂಡ್ ಎಸ್‌ಐಪಿಯೂ ಬಂದು ಕುಳಿತಿದೆ; ಹಲವರ ಹಣ ಸೇರಿಸಿ ಷೇರು ಮುಂತಾದವುಗಳಲ್ಲಿ ಹೂಡುವ ನಿಧಿಗೆ ಕಂತಿನಲ್ಲಿ ಹಣ ಹಾಕುವುದೇ ಇದು. ತಿಂಗಳಿಗೆ ಐನೂರೋ ಸಾವಿರವೋ ಹೂಡಬೇಕೆನ್ನುವವರು ಮೊದಲು ಕೇಳುವುದು "ಯಾವ ಆ್ಯಪ್ ಚಲೋ?" ಎಂದು. ಆ ಪ್ರಶ್ನೆಗೆ ಆ್ಯಪಿನ ಹೆಸರಿಗಿಂತ ಅದು ಹಾಕುವ ಶುಲ್ಕವೇ ಸರಿಯಾದ ಉತ್ತರ ಕೊಡುತ್ತದೆ.

ಶುಲ್ಕಗಳಲ್ಲಿ ಎರಡು ಬಗೆ: ಇಷ್ಟು ರೂಪಾಯಿ ಎಂದು ನಿಗದಿಯಾಗಿರುವುದು ಒಂದು, ಹೂಡಿಕೆಯ ಶೇಕಡಾ ಇಷ್ಟು ಎಂದು ಮುರಿದುಕೊಳ್ಳುವುದು ಇನ್ನೊಂದು. ದೊಡ್ಡ ಮೊತ್ತ ಹೂಡುವವರಿಗೆ ಮೊದಲನೆಯದು ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಮೊತ್ತದವರಿಗೆ ಮೊದಲ ಪೆಟ್ಟು ಬೀಳುವುದೇ ಅಲ್ಲಿ.

(ತೆರೆಯ ಮೇಲೆ: 500 × 12 = 6,000)

ನೀವು ತಿಂಗಳಿಗೆ 500 ರೂಪಾಯಿಯಂತೆ, ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಳ್ಳುವ ಫಂಡ್ ಆದ ಒಂದು ಇಟಿಎಫ್ ಕೊಳ್ಳುತ್ತೀರಿ, ಬ್ರೋಕರ್ ಪ್ರತಿ ಖರೀದಿಗೆ 20 ರೂಪಾಯಿ ದಲಾಲಿ ತೆಗೆದುಕೊಳ್ಳುತ್ತಾರೆ ಎಂದುಕೊಳ್ಳಿ. ವರ್ಷಕ್ಕೆ 240 ರೂಪಾಯಿ, ಅಂದರೆ ನೀವು ಹಾಕಿದ ಹಣದ ಶೇ 4 ಹೂಡಿಕೆಯ ದಿನವೇ ಹೋಯಿತು. ಇದರ ಮೇಲೆ, ಕೊಂಡದ್ದನ್ನು ಡಿಜಿಟಲ್ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯ ವಾರ್ಷಿಕ ನಿರ್ವಹಣಾ ಶುಲ್ಕ 300 ರೂಪಾಯಿ ಇದ್ದರೆ, ಶೇ 18 ಜಿಎಸ್‌ಟಿ ಸೇರಿ ಅದು 354 ಆಗುತ್ತದೆ. ಮೊದಲ ವರ್ಷದ 6,000 ರೂಪಾಯಿಯಲ್ಲಿ ಅದು ಶೇ 5.9. ಮಾರುವಾಗ ಡಿಮ್ಯಾಟ್ ಖಾತೆಯಿಂದ ಹೊರತೆಗೆಯುವುದಕ್ಕೆ ಹಾಕುವ ಡಿಪಿ ಶುಲ್ಕ ಬೇರೆ. ಇಷ್ಟೆಲ್ಲ ಕೊಟ್ಟ ಮೇಲೆ ಮಾರುಕಟ್ಟೆ ಎಷ್ಟು ಏರಿದರೆ ನಿಮ್ಮ ಅಸಲು ನಿಮಗೆ ಮರಳೀತು ಎಂದು ನೀವೇ ಯೋಚಿಸಿ.

ಡಿಮ್ಯಾಟ್ ಶುಲ್ಕಕ್ಕೆ ಒಂದು ಪರಿಹಾರವಿದೆ. ಬೇಸಿಕ್ ಸರ್ವೀಸಸ್ ಡಿಮ್ಯಾಟ್ ಅಕೌಂಟ್, ಅಂದರೆ ಬಿಎಸ್‌ಡಿಎ ಎಂಬ ಖಾತೆಯಲ್ಲಿ ಹೂಡಿಕೆಯ ಮೌಲ್ಯ 4 ಲಕ್ಷ ರೂಪಾಯಿ ಮೀರದಿದ್ದರೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ ಎಂಬ, ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ನಿಮ್ಮ ಹೆಸರಿನಲ್ಲಿ ಅದೊಂದೇ ಡಿಮ್ಯಾಟ್ ಖಾತೆ ಇರಬೇಕು. ಉಚಿತವೆಂದು ಮೂರು ಆ್ಯಪ್‌ಗಳಲ್ಲಿ ಮೂರು ಖಾತೆ ತೆರೆದವರಿಗೆ ಈ ಸೌಲಭ್ಯ ಕೈತಪ್ಪುತ್ತದೆ. ಸಾಮಾನ್ಯ ಮ್ಯೂಚುವಲ್ ಫಂಡ್ ಎಸ್‌ಐಪಿಗಂತೂ ಡಿಮ್ಯಾಟ್ ಖಾತೆಯೇ ಬೇಕಿಲ್ಲ, ಫಂಡ್ ಸಂಸ್ಥೆಯಲ್ಲಿ ನಿಮ್ಮ ಹೆಸರಿನ ಖಾತೆ, ಅಂದರೆ ಫೋಲಿಯೊ ಸಾಕು. ಸಣ್ಣ ಮೊತ್ತದವರಿಗೆ ನಾನು ಸೂಚಿಸುವುದು ಇದನ್ನೇ.

ಈಗ ಶೇಕಡಾವಾರು ವೆಚ್ಚಕ್ಕೆ ಬರೋಣ. ಇದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ. ಎಕ್ಸ್‌ಪೆನ್ಸ್ ರೇಶಿಯೊ ಎಂಬ ಹೆಸರಿನಲ್ಲಿ, ಫಂಡಿನ ಒಂದು ಪಾಲಿನ (ಯೂನಿಟ್) ಬೆಲೆಯಾದ ದಿನದಿನದ ಎನ್‌ಎವಿಯಿಂದಲೇ ಮುರಿದುಕೊಳ್ಳಲಾಗುತ್ತದೆ. 2013ರ ಜನವರಿಯಿಂದ ಪ್ರತಿ ಫಂಡ್‌ಗೂ ಡೈರೆಕ್ಟ್ ಪ್ಲಾನ್, ರೆಗ್ಯುಲರ್ ಪ್ಲಾನ್ ಎಂಬ ಎರಡು ರೂಪಗಳಿವೆ. ಎರಡರಲ್ಲೂ ಫಂಡ್ ಅದೇ, ಷೇರುಗಳು ಅವೇ. ರೆಗ್ಯುಲರ್‌ನಲ್ಲಿ ಮಾತ್ರ ಫಂಡ್ ಮಾರಿಕೊಡುವ ವಿತರಕರ ಕಮಿಷನ್ ವೆಚ್ಚದೊಳಗೆ ಸೇರಿರುತ್ತದೆ. "ನಮ್ಮಲ್ಲಿ ಶುಲ್ಕ ಸೊನ್ನೆ" ಎನ್ನುವ ಆ್ಯಪ್ ರೆಗ್ಯುಲರ್ ಪ್ಲಾನ್ ಮಾರುತ್ತಿದ್ದರೆ ಅದರ ಗಳಿಕೆ ಇಲ್ಲಿಂದ ಬರುತ್ತದೆ.

(ತೆರೆಯ ಮೇಲೆ: ಎರಡು ಗೆರೆಗಳ ನಕ್ಷೆ, 20 ವರ್ಷ)

ತಿಂಗಳಿಗೆ 1,000 ರೂಪಾಯಿಯಂತೆ 20 ವರ್ಷ ಹೂಡಿ, ವಾರ್ಷಿಕ ಶೇ 10ರ ಗಳಿಕೆ ಬಂದರೆ ಕೊನೆಗೆ ಸುಮಾರು 7.59 ಲಕ್ಷ ಆಗುತ್ತದೆ. ವೆಚ್ಚದಲ್ಲಿ ಒಂದು ಶೇಕಡಾ ಹೆಚ್ಚು ಹೋಗಿ ಗಳಿಕೆ ಶೇ 9ಕ್ಕೆ ಇಳಿದರೆ 6.68 ಲಕ್ಷದ ಹತ್ತಿರ ನಿಲ್ಲುತ್ತದೆ. ಶೇ 10 ಎಂಬುದು ಲೆಕ್ಕಕ್ಕಾಗಿ ಹಿಡಿದ ಊಹೆಯೇ ಹೊರತು ಯಾರ ಭರವಸೆಯೂ ಅಲ್ಲ. ಮಾರುಕಟ್ಟೆ ಬಿದ್ದರೆ ಅಸಲೂ ಕರಗಬಹುದು. ಆದರೆ 91 ಸಾವಿರದ ಆ ಅಂತರ ನೀವು ಕಟ್ಟಿದ ಒಟ್ಟು 2.4 ಲಕ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಬೇಕು.

ಹಾಗೆಂದು ವಿತರಕರ ಕಮಿಷನ್ ಎಲ್ಲ ಕಾಲಕ್ಕೂ ದಂಡವೆಂದು ನಾನು ಹೇಳಲಾರೆ. ಎದುರಿಗೆ ಕುಳಿತು ಅರ್ಜಿ ತುಂಬಿಸಿ, ಮಾರುಕಟ್ಟೆ ಕುಸಿದಾಗ "ಈಗ ತೆಗೀಬ್ಯಾಡ್ರಿ" ಎಂದು ತಡೆಯುವವರು ಊರಲ್ಲೇ ಇದ್ದರೆ, ಆ ಹಣಕ್ಕೆ ಕೆಲಸವಾಗಿದೆ. ಆ್ಯಪಿನಲ್ಲಿ ಎಲ್ಲವನ್ನೂ ನೀವೇ ಮಾಡಿಕೊಂಡು, ಮೇಲೆ ಕಮಿಷನ್ನೂ ಕೊಡುವುದಕ್ಕೆ ಮಾತ್ರ ಅರ್ಥವಿಲ್ಲ.

(ತೆರೆಯ ಮೇಲೆ: ಖಾತೆ ವಿವರದ ಒಂದು ಸಾಲು, ದೊಡ್ಡದಾಗಿ)

ನಿಮ್ಮದು ಯಾವ ಪ್ಲಾನ್ ಎಂದು ತಿಳಿಯಲು, ನಿಮ್ಮ ಹೂಡಿಕೆಗಳನ್ನೆಲ್ಲ ಒಟ್ಟಿಗೆ ತೋರಿಸುವ ಈ ಕ್ರೋಡೀಕೃತ ಖಾತೆ ವಿವರ, ಅಂದರೆ ಸಿಎಎಸ್ ನೋಡಿ. ಫಂಡಿನ ಹೆಸರಿನ ಮುಂದೆ 'ಡೈರೆಕ್ಟ್' ಎಂದಿದೆಯೋ 'ರೆಗ್ಯುಲರ್' ಎಂದಿದೆಯೋ ಓದಿ. ಸಲಹೆಗಾರರ ಜಾಗದಲ್ಲಿ ಎಆರ್‌ಎನ್ ಎಂದು ಆರಂಭವಾಗುವ ಸಂಖ್ಯೆ ಇದ್ದರೆ ನಡುವೆ ವಿತರಕರಿದ್ದಾರೆ. 1,000 ರೂಪಾಯಿ ಕಂತಿನಲ್ಲಿ 999.95 ಮಾತ್ರ ಹೂಡಿಕೆಯಾಗಿರುವುದು ಕಂಡರೆ ಗಾಬರಿಯಾಗಬೇಡಿ. ಆ ಐದು ಪೈಸೆ 2020ರ ಜುಲೈನಿಂದ ಬಂದಿರುವ ಶೇ 0.005ರ ಸ್ಟ್ಯಾಂಪ್ ಶುಲ್ಕ, ಯಾವ ಆ್ಯಪಿನಲ್ಲೂ ತಪ್ಪುವುದಿಲ್ಲ.

ಆ್ಯಪ್ ಕಂಪನಿ ಮುಚ್ಚಿದರೆ ಹಣದ ಗತಿ ಏನೆಂಬ ಭಯ ಸಹಜ. ಫೋಲಿಯೊ ರೂಪದ ಯೂನಿಟ್‌ಗಳ ದಾಖಲೆ ಆ್ಯಪಿನಲ್ಲಲ್ಲ, ಫಂಡ್ ಸಂಸ್ಥೆಯ ಪರವಾಗಿ ದಾಖಲೆ ಇಡುವ ಕಂಪನಿಗಳಾದ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಬಳಿ ಇರುತ್ತದೆ. ಈ ಎರಡೂ ಸೇರಿ ನಡೆಸುವ ಎಂಎಫ್ ಸೆಂಟ್ರಲ್ ತಾಣದಲ್ಲಿ ನಿಮ್ಮ ಪ್ಯಾನ್ ಮೂಲಕ ಅವನ್ನು ನೋಡಬಹುದು. ಡಿಮ್ಯಾಟ್ ರೂಪದ ಯೂನಿಟ್‌ಗಳೂ ಡಿಮ್ಯಾಟ್ ದಾಖಲೆ ಇಡುವ ಸಂಸ್ಥೆಯಾದ ಡಿಪಾಸಿಟರಿಯಲ್ಲಿ ಸುರಕ್ಷಿತವೇ, ಆದರೆ ಬೇರೆಡೆಗೆ ಒಯ್ಯುವುದು ತುಸು ಹೆಚ್ಚಿನ ಕೆಲಸ. ಹಣ ಮಾತ್ರ ಯಾವುದೇ ವ್ಯಕ್ತಿಯ ಯುಪಿಐ ಸಂಖ್ಯೆಗೆ ಹೋಗಕೂಡದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಗೆ ಕೇಳುವವರು ಹೂಡಿಕೆ ವೇದಿಕೆಯವರಲ್ಲ. ವೇದಿಕೆಯ ನೋಂದಣಿಯನ್ನು ಸೆಬಿ ಅಥವಾ ಫಂಡ್ ಸಂಸ್ಥೆಗಳ ಒಕ್ಕೂಟ ಆಂಫಿಯ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಿ.

ಇನ್ನು ಕಂತಿನ ದಿನಾಂಕ. ನೌಕರರಿಗೆ ಸಂಬಳದ ಮರುದಿನ ಇಟ್ಟರೆ ಸಾಕು, ಆದರೆ ನಮ್ಮ ಭಾಗದ ಎಲ್ಲರ ಆದಾಯ ತಿಂಗಳಿಗೊಮ್ಮೆ ಬರುವುದಿಲ್ಲ. ನೇಕಾರರಿಗೆ ವಾರದ ಮಜೂರಿ, ಮುಧೋಳದ ಕಬ್ಬಿನವರಿಗೆ ಕಾರ್ಖಾನೆಯ ಬಿಲ್ ಬಂದಾಗ ಹಣ, ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಒಣದ್ರಾಕ್ಷಿ ಮಾರಿದ ಮೇಲೆ. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದರೆ ಫಂಡ್ ಸಂಸ್ಥೆ ದಂಡ ಹಾಕುವುದಿಲ್ಲ, ಆದರೆ ಬ್ಯಾಂಕು ಹಾಕಬಹುದು; 500 ರೂಪಾಯಿ ಕಂತಿಗೆ ನೂರಾರು ರೂಪಾಯಿ ದಂಡ ತೆತ್ತರೆ ಮೇಲೆ ಹೇಳಿದ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು. ತಿಂಗಳ ಕಂತು ಸತತ ಮೂರು ಬಾರಿ ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ಆದ್ದರಿಂದ ಆದಾಯ ಏರುಪೇರಾಗುವವರು ಎಸ್‌ಐಪಿ ತಡೆಹಿಡಿಯುವ ಹಾಗೂ ಬೇಕಾದಾಗ ಒಮ್ಮೆಗೇ ಹಣ ಸೇರಿಸುವ ಅವಕಾಶ ಸುಲಭವಾಗಿ ಸಿಗುವ ಆ್ಯಪ್ ನೋಡಬೇಕು. ಬ್ಯಾಂಕ್ ಮ್ಯಾಂಡೇಟ್‌ಗೆ (ಖಾತೆಯಿಂದ ಕಂತು ತಾನಾಗಿ ಮುರಿದುಕೊಳ್ಳುವ ಅನುಮತಿ) ಒಪ್ಪಿಗೆ ಕೊಡುವಾಗ ಅದರ ಗರಿಷ್ಠ ಮಿತಿಯನ್ನೂ ಓದಿ. ಕಂತು 500 ಇದ್ದರೂ ಮಿತಿಯಲ್ಲಿ ದೊಡ್ಡ ಮೊತ್ತ ಮೊದಲೇ ತುಂಬಿರುವುದುಂಟು, ಒಪ್ಪಿಗೆಯ ಗುಂಡಿ ಒತ್ತುವ ಮೊದಲೇ ಅದನ್ನು ಕಡಿಮೆ ಮಾಡಿಕೊಳ್ಳಿ.